ನಳ ಬರುವ ದಿನ

ಇಚಲಕರಂಜಿ
19 ಜನವರಿ 2025, ಭಾನುವಾರ

ಆತ್ಯಾ, ಸಾದರ ಜೈ ಜಿನೇಂದ್ರ.

ಫೋನಿನಲ್ಲಿ ಹೇಳಿದರೆ ಅರ್ಧ ನಿಮಗೆ ಕೇಳಿಸುವುದಿಲ್ಲ, ಉಳಿದರ್ಧ ನೀವು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಕಾಗದ. ಜಿನಗೊಂಡ ಕಾಕಾ ಬಟ್ಟೆಯ ಗಂಟು ಹೇರಿಕೊಂಡು ದಿನಾ ಗಡಹಿಂಗ್ಲಜಕ್ಕೆ ಟೆಂಪೊ ಒಯ್ಯುತ್ತಾನೆ. ಅವನ ಕೈಯಲ್ಲಿ ಕೊಟ್ಟರೆ ಅಂಚೆಗಿಂತ ಬೇಗ ನಿಮಗೆ ಮುಟ್ಟುತ್ತದೆ.

ಸುದ್ದಿ ಕೇಳಿ. ಫೆಬ್ರವರಿ ಹದಿಮೂರಕ್ಕೆ ಕೊಲ್ಹಾಪುರದಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ. ನಮ್ಮ ಕನ್ನಡ ಶಾಲೆಯಿಂದ ಇಷ್ಟು ವರ್ಷ ಯಾರೂ ಹೋದವರಿಲ್ಲ. ಈ ಸಲ ನನ್ನ ಏಳನೆಯ ತರಗತಿ ಹೋಗುತ್ತದೆ. ಹೆಡ್ ಸರ್ ಒಪ್ಪಿದ್ದಾರೆ. ವಿಷಯ, ಮನೆಯ ನೀರು. ಎಲ್ಲಿಂದ ಬರುತ್ತದೆ, ಎಷ್ಟು ಬಳಸುತ್ತೇವೆ, ಎಷ್ಟು ಹಾಳು ಮಾಡುತ್ತೇವೆ. ನೌಕರಿಗೆ ಸೇರಿ ಎಂಟು ತಿಂಗಳೂ ಆಗಿಲ್ಲ, ಆಗಲೇ ನನ್ನ ಕಾಲು ನೆಲದ ಮೇಲಿಲ್ಲ ಎಂದು ನೀವು ನಗಬಹುದು. ನಗಿರಿ.

ಗುರುವಾರ ಪಾಠ ಶುರು ಮಾಡಿದೆ. ಪುಸ್ತಕ ಮುಚ್ಚಿಸಿ, ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ನಳದಿಂದ್ರಿ" ಎಂದರು. ನಳಕ್ಕೆ? "ಟಾಕಿಯಿಂದ್ರಿ." ಟಾಕಿಗೆ? ಕೊನೆಗೆ ನಿಲೇಶ ಎದ್ದು ನಿಂತು, "ಟಾಕಿಗೆ ಆಫೀಸಿನ್ಯಾಗಿಂದ ಬಿಡ್ತಾರ್ರಿ" ಎಂದ. ಹೊಳೆ ಎಂಬುದು ಅವರ ನೀರಿನ ದಾರಿಯಲ್ಲಿ ಎಲ್ಲಿಯೂ ಇಲ್ಲ. ಪಂಚಗಂಗೆಯನ್ನು ಬೋರ್ಡಿನ ಮೇಲೆ ಎಳೆದು ಕುರುಂದವಾಡದ ಹತ್ತಿರ ಕೃಷ್ಣೆಗೆ ಕೂಡಿಸಿ ತೋರಿಸುವಷ್ಟರಲ್ಲಿ ನನ್ನ ಸೀರೆಯೆಲ್ಲ ಸೀಮೆಸುಣ್ಣ.

ಈ ಮಕ್ಕಳ ಅಪ್ಪಂದಿರು ಹೆಚ್ಚಿನವರು ಪವರ್‌ಲೂಮ್ ಕೆಲಸಕ್ಕೆ ಕರ್ನಾಟಕದಿಂದ ಬಂದವರು. ಅವರ ಓಣಿಗಳಿಗೆ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತದೆ, ಒಂದೊಂದು ಓಣಿಗೆ ಒಂದೊಂದು ದಿನ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರು. ನಳದ ನೀರು ಕುಡಿಯಲಿಕ್ಕೆ ಮತ್ತು ಅಡಿಗೆಗೆ ಮಾತ್ರ, ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಹೀಗಾಗಿ ಅಳೆಯುವುದು ಸುಲಭ. ಎಲ್ಲರಿಗೂ ಒಂದೊಂದು ವಹಿ ಕೊಟ್ಟಿದ್ದೇನೆ. ನಾಳೆಯಿಂದ ಎಂಟು ದಿನ ತುಂಬಿದ್ದು ಎಷ್ಟು ಕೊಡ, ಬಳಸಿದ್ದು ಎಷ್ಟು, ಚೆಲ್ಲಿದ್ದು ಎಷ್ಟು, ಎಲ್ಲ ಬರೆಯಬೇಕು.

ಒಂದೇ ಬೇಜಾರು. ವೃಷಾಲಿ ಎಂಬ ಹುಡುಗಿ ಇದ್ದಾಳೆ. ಲೆಕ್ಕದಲ್ಲಿ ಅವಳ ಸಮ ಯಾರೂ ಇಲ್ಲ. ಕೊಲ್ಹಾಪುರದಲ್ಲಿ ಬೋರ್ಡಿನ ಮುಂದೆ ನಿಂತು ಮಾತಾಡುವವಳು ಅವಳೇ ಎಂದು ನಾನು ಯಾವತ್ತೋ ನಿಶ್ಚಯಿಸಿದ್ದೇನೆ. ಆದರೆ ವಾರಕ್ಕೊಂದು ದಿನ, ಕೆಲವು ವಾರ ಎರಡು ದಿನ, ಬರುವುದೇ ಇಲ್ಲ. ನೀರಿನ ಪಾಠದ ದಿನವೂ ಇರಲಿಲ್ಲ. ಅವಳಪ್ಪ ರಾಯಪ್ಪ ಹೆಡ್ ಸರ್ ಮುಂದೆ, "ಇಷ್ಟ ಸಾಲಿ ತಪ್ಪಸೂದಿದ್ರ ಎಂಟನೇ ವರ್ಗಕ್ಕ ಯಾಕ ಹಾಕಬೇಕ್ರಿ" ಎಂದು ಹೇಳಿ ಹೋಗಿದ್ದಾನಂತೆ. ಅವಳ ಶಾಲೆ ತಪ್ಪಬಾರದು ಆತ್ಯಾ. ಕಾರಣ ಕೇಳಿದರೆ ನೆಲ ನೋಡುತ್ತಾಳೆ.

ನಿಮ್ಮ
ಪ್ರಿಯದರ್ಶನಿ

*

ಗಡಹಿಂಗ್ಲಜ
22 ಜನವರಿ 2025

ಚಿ. ಪ್ರಿಯಾಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಏಳು ತಪ್ಪು, ತಮ್ಮನ ಮಗಳೆಂದು ಬಿಡುವವಳಲ್ಲ ನಾನು. ಕೆಂಪು ಪೆನ್ನಿನಿಂದ ತಿದ್ದಿ ಇಟ್ಟುಕೊಂಡಿದ್ದೇನೆ, ಹಬ್ಬಕ್ಕೆ ಬಂದಾಗ ತೋರಿಸುತ್ತೇನೆ. ಆದರೆ ಎರಡು ಸಲ ಓದಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಖ ಊದಿಸಿಕೊಂಡು ಕೂಡುತ್ತಿ.

ನೀರಿನ ಪಾಠವನ್ನು ನಾನು ಮೂವತ್ತೊಂದು ವರ್ಷ ಮಾಡಿದ್ದೇನೆ. ತೂತಿನ ಕೊಡ ಮೇಜಿನ ಮೇಲಿಟ್ಟು, ಕೆಳಗೆ ಬಕೆಟ್ ಇಟ್ಟು, ಪಾಠ ಮುಗಿಯುವಷ್ಟರಲ್ಲಿ ಎಷ್ಟು ಸೋರಿತು ಎಂದು ಅಳೆಯಿಸುತ್ತಿದ್ದೆ. ಗಡಹಿಂಗ್ಲಜದ ಅರ್ಧ ಊರು ನನ್ನ ತೂತಿನ ಕೊಡ ನೋಡಿ ಬೆಳೆದಿದೆ. ನನ್ನ ವಿದ್ಯಾರ್ಥಿನಿ ಸೋನಲ ಈಗ ಬ್ಯಾಂಕಿನಲ್ಲಿ ಸಾಹೇಬಳಾಗಿದ್ದಾಳೆ. ಮೊನ್ನೆ ಸಿಕ್ಕಾಗ "ಬಾಈ, ನಿಮ್ಮ ಕೊಡ ನೆನಪೈತ್ರಿ" ಎಂದಳು. ನಿನ್ನ ವಹಿಯ ಯೋಚನೆ ಅದಕ್ಕಿಂತ ಚೊಲೋ ಇದೆ, ಒಪ್ಪಿಕೊಳ್ಳುತ್ತೇನೆ.

ಆ ಹುಡುಗಿಯ ವಿಷಯ. ಜಾಣ ಹುಡುಗಿ ಎಂದು ಮುಲಾಜು ಮಾಡಬೇಡ. ಮುಲಾಜು ಮಾಡಿದ ಮಾಸ್ತರರ ತರಗತಿಯಲ್ಲಿ ಹಾಜರಿ ಇರುವುದಿಲ್ಲ. ನೆಲ ನೋಡುವ ಮಕ್ಕಳಿಗೆ ಕಾರಣ ಇರುವುದಿಲ್ಲ, ನೆವ ಇರುತ್ತದೆ.

ಊಟ ಸರಿಯಾಗಿ ಮಾಡು. ಕುಡಿಯುವ ನೀರು ಬಟ್ಟೆಯಲ್ಲಿ ಗಾಳಿಸಿಕೊಂಡು ಕುಡಿ. ಬಾಡಿಗೆಯ ಮನೆಯೆಂದು ನಮ್ಮ ಮನೆಯ ರೂಢಿ ಬಿಡಬೇಡ.

ಕಾಂಚನ ಆತ್ಯಾ

*

ಇಚಲಕರಂಜಿ
1 ಫೆಬ್ರವರಿ 2025

ಆತ್ಯಾ,

ಜೈ ಜಿನೇಂದ್ರ ಹೇಳಲಿಕ್ಕೂ ಪುರಸತ್ತಿಲ್ಲ, ಮೊದಲು ಸುದ್ದಿ. ಸಿಕ್ಕಿತು. ಏನು ಸಿಕ್ಕಿತು ಗೊತ್ತೇ? ನೀರು ಎಲ್ಲಿ ಹಾಳಾಗುತ್ತದೆ ಎಂಬುದು.

ಸೋರುವ ನಳದಲ್ಲಿ ಹಾಳಾಗುತ್ತದೆ ಎಂದುಕೊಂಡಿದ್ದೆ, ಪಾತ್ರೆ ತಿಕ್ಕುವಲ್ಲಿ ಎಂದುಕೊಂಡಿದ್ದೆ. ಅಲ್ಲ. ವಹಿಗಳನ್ನು ನೆಲದ ಮೇಲೆ ಹರವಿಕೊಂಡು ಕೂತೆ. ಮೂರು ದಿನ 'ಚೆಲ್ಲಿದ್ದು' ಎಂಬಲ್ಲಿ ಒಂದು ಲೋಟ, ಅರ್ಧ ತಂಬಿಗೆ. ನಾಲ್ಕನೆಯ ದಿನ ಒಮ್ಮೆಲೇ ಎಂಬತ್ತು ಲೀಟರು, ತೊಂಬತ್ತು ಲೀಟರು. ಒಬ್ಬರ ಮನೆಯಲ್ಲಲ್ಲ, ಹೆಚ್ಚುಕಡಿಮೆ ಎಲ್ಲರ ಮನೆಯಲ್ಲಿ. ಏನಪ್ಪಾ ಇದು ಎಂದು ಮಕ್ಕಳನ್ನು ಕೇಳಿದರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನಳಾ ಬಂತಲ್ರಿ ಟೀಚರ್, ಶಿಳೆ ನೀರ ಚೆಲ್ಲಬೇಕಲ್ರಿ?"

ಶಿಳೆ ನೀರು. ತಂಗಳು ನೀರು. ಮುಂದಿನ ಸಲ ನಳ ಬರದಿದ್ದರೆ ಎಂಬ ಅಂಜಿಕೆಗೆ ಎಲ್ಲರೂ ಎರಡೆರಡು ಡ್ರಮ್ಮು ತುಂಬುತ್ತಾರೆ. ಒಂದು ಖರ್ಚಾಗುತ್ತದೆ, ಇನ್ನೊಂದನ್ನು ಮುಟ್ಟುವುದೇ ಇಲ್ಲ. ನಾಲ್ಕನೆಯ ದಿನ ಹೊಸ ನೀರು ಬಂದ ಕೂಡಲೇ ತುಂಬಿದ ಡ್ರಮ್ಮನ್ನು ಗಟಾರಕ್ಕೆ ಬಗ್ಗಿಸಿ, ತಿಕ್ಕಿ ತೊಳೆದು, ಮತ್ತೆ ತುಂಬುತ್ತಾರೆ. ನೀರಿಲ್ಲ ನೀರಿಲ್ಲ ಎಂದು ಒದರುವ ಊರಿನಲ್ಲಿ ನನ್ನ ಒಂದೇ ತರಗತಿಯ ಮೂವತ್ತನಾಲ್ಕು ಮನೆಗಳು ಒಂದು ಸರತಿಗೆ ಮೂರು ಸಾವಿರ ಲೀಟರಿಗೂ ಮಿಕ್ಕಿ ಚೊಕ್ಕ ನೀರು ಚೆಲ್ಲುತ್ತವೆ. ಮೂರು ಸಲ ಕೂಡಿಸಿ ನೋಡಿದೆ. ಸಂತೋಷಕ್ಕೆ ಒಬ್ಬಳೇ ಮನೆಯಲ್ಲಿ ಚಪ್ಪಾಳೆ ಹೊಡೆದೆ, ಕೆಳಗಿನ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.

ನಿನ್ನೆ ಬೋರ್ಡಿನ ಮೇಲೆ ದೊಡ್ಡ ನಕ್ಷೆ ಬರೆದೆ, ಮನೆಗೊಂದು ಕಂಬ. ಎಲ್ಲರ ಕಂಬ ಮೊಣಕಾಲುದ್ದ, ವೃಷಾಲಿಯದು ಮಾತ್ರ ಬೋರ್ಡು ದಾಟಿ ಗೋಡೆಗೆ ಹೋಯಿತು. ಒಂದು ಸರತಿಗೆ ನಾನೂರು ಲೀಟರು ಚೆಲ್ಲಿದ್ದು. ತರಗತಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಎಷ್ಟು ವರ್ಷದ ಮೇಲೆ ಆ ಮಕ್ಕಳು ಲೆಕ್ಕದ ತಾಸಿನಲ್ಲಿ ಅಷ್ಟು ನಕ್ಕರೋ.

ಇವತ್ತು ವೃಷಾಲಿ ಬಂದಿಲ್ಲ. ನೆಗಡಿ ಇರಬೇಕು.

ನಿಮ್ಮ
ಪ್ರಿಯಾ

*

ಗಡಹಿಂಗ್ಲಜ
2 ಫೆಬ್ರವರಿ 2025

ಚಿ. ಪ್ರಿಯಾಗೆ,

ಶಾಬಾಸ್. ತೂತಿನ ಕೊಡಕ್ಕೆ ಮೂವತ್ತೊಂದು ವರ್ಷದಲ್ಲಿ ಸಿಗದ್ದು ನಿನ್ನ ವಹಿಗೆ ಎಂಟು ದಿನದಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚಾಯಿತು ಎಂದು ಬೇಕಾದರೆ ಬರೆದುಕೊ.

ಆದರೆ ನಾನೂರು ಲೀಟರು ನನ್ನ ಗಂಟಲಿನಲ್ಲಿ ಇಳಿಯುತ್ತಿಲ್ಲ. ಎರಡು ಡ್ರಮ್ಮಿನ ಮನೆಯಲ್ಲಿ ಎಲ್ಲ ಬಗ್ಗಿಸಿದರೂ ಇನ್ನೂರು. ಉಳಿದ ಇನ್ನೂರು ಯಾರ ಮನೆಯಿಂದ ಬಂತು? ಹುಡುಗಿ ಶಾಲೆ ತಪ್ಪಿಸಿ, ಕೊನೆಯ ದಿನ ಮನಸ್ಸಿಗೆ ಬಂದ ಸಂಖ್ಯೆ ಗೀಚಿದ್ದಾಳೆ. ಲೆಕ್ಕದಲ್ಲಿ ಜಾಣೆಯರು ಹೀಗೆಯೇ ಮಾಸ್ತರರನ್ನು ಯಾಮಾರಿಸುತ್ತಾರೆ. ಕೊಲ್ಹಾಪುರದಲ್ಲಿ ಪರೀಕ್ಷಕರು ಇದನ್ನೇ ಹಿಡಿದು ಕೇಳಿದರೆ ನಿನ್ನ ಮೂರು ಸಾವಿರವೂ ಸುಳ್ಳೆಂದು ಆಗುತ್ತದೆ.

ಅವರ ಮನೆಗೆ ಹೋಗು. ನಳ ಬರುವ ದಿನವೇ ಹೋಗು. ಡ್ರಮ್ಮು ಅಳೆದುಕೊಂಡು ಬಾ.

ಇನ್ನೊಂದು. ಅಷ್ಟು ನಕ್ಕರು ಎಂದು ಬರೆದೆಯಲ್ಲ, ಯಾರನ್ನು ನೋಡಿ ನಕ್ಕರು ಎಂದು ಬರೆಯಲಿಲ್ಲ.

ಕಾಂಚನ ಆತ್ಯಾ

*

ಇಚಲಕರಂಜಿ
5 ಫೆಬ್ರವರಿ 2025, ಸಂಜೆ

ಆತ್ಯಾ,

ಹಿಂದಿನ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ಅವತ್ತು ಆ ಉದ್ದದ ಕಂಬ ನೋಡಿ ಯಾರೋ "ಗಟಾರ ರಾಣಿ" ಎಂದರು. ಇಡೀ ತರಗತಿ ಅದನ್ನೇ ಕೂಗಿತು. ನಾನು ಸುಮ್ಮನಿರಿಸಲಿಲ್ಲ. ನಾನೂ ನಕ್ಕೆ.

ಇವತ್ತು ಅರ್ಧ ದಿನ ರಜೆ ಹಾಕಿ ಅವರ ಚಾಳಕ್ಕೆ ಹೋಗಿದ್ದೆ. ಒಂದು ಅಂಗಳ, ನಾಲ್ಕು ಮನೆ, ಒಂದು ನಳ. ಮೂರು ಮನೆಗೆ ಕೀಲಿ. ನಾಲ್ಕನೆಯದರ ಕಟ್ಟೆಯ ಮೇಲೆ ಧೋಂಡಿಬಾ ಎಂಬ ಮುದುಕ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ನಳದ ಮುಂದೆ ವೃಷಾಲಿ. ನಾಲ್ಕೂ ಮನೆಯ ಕೀಲಿಕೈ ಅವಳ ಕೊರಳಲ್ಲಿ.

ಹನ್ನೊಂದಕ್ಕೆ ಧೋಂಡಿಬಾ "ಪಾಣೀ ಆಲಂ", ನೀರು ಬಂತು, ಎಂದು ಕೂಗಿದ. ಆ ಹುಡುಗಿ ಒಂದೊಂದೇ ಮನೆಯ ಕೀಲಿ ತೆಗೆದು, ಒಂದೊಂದು ಮನೆಯಿಂದಲೂ ಒಂದು ತುಂಬಿದ ಡ್ರಮ್ಮು ಗಟಾರಕ್ಕೆ ಬಗ್ಗಿಸಿದಳು. ನೂರು ಲೀಟರಿನವು, ನಾಲ್ಕು. ನಾನೂರು ಲೀಟರು, ಆತ್ಯಾ. ಒಂದು ಲೀಟರೂ ಹೆಚ್ಚು ಬರೆದಿರಲಿಲ್ಲ. ಆಮೇಲೆ ಎಂಟೂ ಡ್ರಮ್ಮು ತೊಳೆದು ಕೊಡದಿಂದ ತುಂಬಲಿಕ್ಕೆ ನಿಂತಳು. ಒಂದು ಕೊಡ ತುಂಬಲಿಕ್ಕೆ ಎರಡು ನಿಮಿಷ. ನಾನು ಐವತ್ತಮೂರು ಕೊಡ ಎಣಿಸಿದೆ. ಮುಗಿಯುವಷ್ಟರಲ್ಲಿ ಒಂದೂವರೆ ದಾಟಿತ್ತು. ನಳ ಇವತ್ತು ಹನ್ನೊಂದಕ್ಕೆ ಬಂತು, ಒಮ್ಮೊಮ್ಮೆ ಒಂದಕ್ಕೆ ಬರುತ್ತದಂತೆ, ಹಾಗಾಗಿ ಬೆಳಿಗ್ಗೆಯಿಂದ ಕಾಯಲೇಬೇಕು. ನಾಲ್ಕೂ ಮನೆಯ ಗಂಡಸರು ಮಗ್ಗದ ಮೇಲೆ, ಹೆಂಗಸರು ನೂಲು ಸುತ್ತುವ ಕೆಲಸಕ್ಕೆ. ಪಾಳಿ ಬಿಟ್ಟು ಬರುವ ಹಾಗಿಲ್ಲ. ಬಿಡಬಹುದಾದದ್ದು ಶಾಲೆಯೊಂದೇ.

ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೊಡ ಎತ್ತಿಕೊಳ್ಳುತ್ತಲೇ, "ಟೀಚರ್, ನೀವು ಎಷ್ಟ ಚೆಲ್ಲಿದಿ ಅಂತ ಕೇಳಿದ್ರಿ. ಎಷ್ಟ ಮನಿದು ಅಂತ ಕೇಳಲಿಲ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಟಾಕಿ ಇದೆ. ನಳ ಯಾವತ್ತು ಬರುತ್ತದೆಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ನಾನು ನೀರಿನ ಪಾಠ ಮಾಡುವವಳು.

ಪ್ರಿಯಾ

*

ಗಡಹಿಂಗ್ಲಜ
6 ಫೆಬ್ರವರಿ 2025

ಪ್ರಿಯಾ,

ಅಳುತ್ತ ಕೂಡಬೇಡ. ನಿನಗಿಂತ ಮೊದಲು ನಾನು ಅಳಬೇಕು.

ಆ ಹುಡುಗಿ ಸುಳ್ಳು ಬರೆದಿದ್ದಾಳೆ ಎಂದವಳು ನಾನು. ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ನನ್ನ ತೂತಿನ ಕೊಡದ ಪಾಠಕ್ಕೆ ನೀರು ಬೇಕಲ್ಲ? ಪ್ರತಿ ವರ್ಷ ಇಬ್ಬರು ಹುಡುಗಿಯರನ್ನು ಬೋರಿಂಗಿಗೆ ಕಳಿಸುತ್ತಿದ್ದೆ. ಅಲ್ಲಿ ಸರತಿ ಇರುತ್ತಿತ್ತು. ಅವರು ತುಂಬಿಕೊಂಡು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಯಿತೆಂದು ಅವರನ್ನು ನಾನೇ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಅವರು ತಂದ ನೀರಿನಿಂದ ಒಳಗೆ ಪಾಠ, ಅವರು ಹೊರಗೆ. ಶಿಸ್ತು ಎಂದರೆ ಶಿಸ್ತು ಎಂದುಕೊಂಡಿದ್ದೆ. ಮೂವತ್ತೊಂದು ವರ್ಷ, ಅಂದರೆ ಅರವತ್ತೆರಡು ಹುಡುಗಿಯರು. ಇಂದುಬಾಯಿ ಎಂಬವಳ ಹೆಸರು ಮಾತ್ರ ನೆನಪಿದೆ. ಮುಲಾಜು ಬೇಡ ಎಂದು ನಿನಗೆ ಬರೆದ ಸಾಲನ್ನು ಹೊಡೆದುಹಾಕು.

ಈಗ ಕೆಲಸದ ಮಾತು. ನಿನ್ನ ಲೆಕ್ಕ ಇನ್ನೊಮ್ಮೆ ನೋಡು. ಆ ಹುಡುಗಿ ಐವತ್ತಮೂರು ಕೊಡ ಹೊರುತ್ತಾಳೆ, ಅದರಲ್ಲಿ ಅರ್ಧ ಯಾರೂ ಕುಡಿಯದೆ ಚೆಲ್ಲುವ ನೀರಿಗಾಗಿ. ಹಳೆಯದನ್ನು ಚೆಲ್ಲದಿದ್ದರೆ ಇಪ್ಪತ್ತೇಳು ಕೊಡ ಸಾಕು. ಎರಡು ನಿಮಿಷಕ್ಕೊಂದು ಕೊಡವೆಂದರೆ ಒಂದು ತಾಸಿನ ಒಳಗೆ. ನಾಲ್ಕು ಮನೆಯ ಎಂಟು ಮಂದಿ ದೊಡ್ಡವರಲ್ಲಿ ಒಂದು ತಾಸು ಯಾರಿಗೂ ಬಿಡುವು ಆಗುವುದಿಲ್ಲವೇ? ಕೇಳು.

ಶಿಳೆ ನೀರು ಎಂಬುದನ್ನು ಭಾಷಣ ಮಾಡಿ ಬಿಡಿಸಲಿಕ್ಕೆ ಹೋಗಬೇಡ. ನಾಲ್ಕು ದಿನದ ನೀರು ಮತ್ತು ಅವತ್ತಿನ ನೀರು, ಎರಡನ್ನೂ ಗಾಳಿಸಿ ಒಂದೇ ತರದ ಲೋಟದಲ್ಲಿ ಕೊಡು. ಯಾವುದು ಯಾವುದೆಂದು ಅವರೇ ಹೇಳಲಿ. ಕುಡಿಸು, ಉಪದೇಶ ಬೇಡ.

ಆತ್ಯಾ

*

ಇಚಲಕರಂಜಿ
10 ಫೆಬ್ರವರಿ 2025

ಆತ್ಯಾ, ಸಾದರ ಜೈ ಜಿನೇಂದ್ರ.

ಮೊದಲು ಇದು. ಗುರುವಾರ ಬೆಳಿಗ್ಗೆ ತರಗತಿಯಲ್ಲಿ ವೃಷಾಲಿಯ ಮುಂದೆ ನಿಂತು ತಪ್ಪಾಯಿತು ಎಂದು ಹೇಳಿದೆ, ಎಲ್ಲ ಮಕ್ಕಳ ಎದುರಿಗೆ. ನಿಲೇಶ ಎದ್ದು, "ಆ ಹೆಸರ ಇಟ್ಟಾಂವ ನಾನರಿ" ಎಂದ. ಅವನೇ ಕಂಬ ಒರೆಸಿ ನಾಲ್ಕು ಭಾಗ ಮಾಡಿ ಬರೆದ. ನಾಲ್ಕೂ ಭಾಗ ಎಲ್ಲರ ಕಂಬದಷ್ಟೇ ಉದ್ದ ಬಂದವು.

ಈಗ ನಿನ್ನೆಯ ಕಥೆ. ಭಾನುವಾರ, ನಳದ ದಿನ. ಹತ್ತು ಮಕ್ಕಳನ್ನು ಕಟ್ಟಿಕೊಂಡು ಚಾಳಕ್ಕೆ ಹೋದೆ. ನಾಲ್ಕೂ ಮನೆಯ ಹೆಂಗಸರು ಇದ್ದರು, ವೃಷಾಲಿಯ ಅವ್ವ ಚೆನ್ನವ್ವನೂ ಇದ್ದಳು. ಚೆಲ್ಲುವ ಮೊದಲು ಒಂದು ಆಟ ಆಡೋಣ ಎಂದೆ. ಚೆನ್ನವ್ವ ನಕ್ಕಳು. "ಇದೇನ ಆಟರಿ ಟೀಚರ್? ಹೊಸಾ ನೀರ ಬಂದ ಮ್ಯಾಲೆ ಹಳೇದ ಯಾಕ ಇಡಬೇಕ? ನಾಕ ದಿನದ ಅನ್ನಾ ಉಣ್ತೀರೇನ ನೀವ?"

ವೃಷಾಲಿ ಎರಡು ತಟ್ಟೆಯಲ್ಲಿ ಲೋಟ ತಂದಳು. ಎಲ್ಲರೂ ಕುಡಿದರು. ಧೋಂಡಿಬಾ ಅಜ್ಜ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಕುಡಿದ. ಹೊಸ ನೀರು ಯಾವುದು ಎಂದು ಕೇಳಿದರೆ ಐವರೂ ಒಂದೇ ತಟ್ಟೆ ತೋರಿಸಿದರು. "ಇದರಿ, ಏನ ಸವಿ ಐತಿ ನೋಡ್ರಿ" ಎಂದು ಚೆನ್ನವ್ವ ಇನ್ನೊಂದು ಲೋಟ ಇಸಗೊಂಡು ಕುಡಿದಳು. ಅದು ನಾಲ್ಕು ದಿನದ್ದು, ಆತ್ಯಾ. ಅವತ್ತಿನ ನೀರಿಗೆ ಔಷಧದ ವಾಸನೆ ಇರುತ್ತದೆ, ರಾಡಿ ಇರುತ್ತದೆ. ಮುಚ್ಚಿಟ್ಟದ್ದು ತಿಳಿಯಾಗಿ ವಾಸನೆ ಹೋಗಿತ್ತು. ಇಷ್ಟು ವರ್ಷ ಚೊಲೋ ನೀರು ಚೆಲ್ಲಿ ರಾಡಿ ನೀರು ತುಂಬಿಕೊಳ್ಳುತ್ತಿದ್ದರು. ಹುಡುಗರು ಕುಣಿದಾಡಿದರು. ಚೆನ್ನವ್ವ ಲೋಟ ನೋಡುತ್ತ, "ಅಯ್ಯ ಶಿವನ, ನಮ್ಮ ಅತ್ತಿ ಹೇಳಿದ್ದಂತ ಮಾಡಕೋತ ಬಂದೇವ್ರಿ" ಎಂದಳು. ನಿನ್ನೆ ಆ ಅಂಗಳದಲ್ಲಿ ಒಂದು ಡ್ರಮ್ಮೂ ಬಗ್ಗಲಿಲ್ಲ.

ಆದರೆ ಸರತಿಯ ಮಾತು ಬಂದಾಗ ರಾಯಪ್ಪ ಒಪ್ಪಲಿಲ್ಲ. ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. "ಒಂದ ತಾಸ ಬಾಜೂದಾಂವ ನನ್ನ ಮಗ್ಗಾ ನೋಡ್ತಾನ್ರಿ. ತಾಸಿನ ಮ್ಯಾಲೆ ಒಂದ ನಿಮಿಷ ಆದ್ರ ಮಾಲಕ ಮನಿಗೆ ಕಳಸ್ತಾನ. ನಾಕ ಮನಿ ನೀರ ತಾಸಿನ್ಯಾಗ ಹೆಂಗ ಆಗ್ತೈತ್ರಿ? ನೀವು ಹಾಳಿ ಮ್ಯಾಲೆ ಲೆಕ್ಕಾ ಮಾಡೋರು."

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಮುಂದಿನ ನಳದ ದಿನ ನಾನೇ ತುಂಬುತ್ತೇನೆ, ತಾಸಿನೊಳಗೆ ತುಂಬಿದರೆ ನೀವು ನಾಲ್ಕು ಮನೆಯವರು ಸರತಿ ಹಚ್ಚಿಕೊಳ್ಳಬೇಕು, ವೃಷಾಲಿ ದಿನಾ ಶಾಲೆಗೆ ಬರಬೇಕು ಎಂದೆ. "ಆಗದಿದ್ರ?" ಎಂದ ರಾಯಪ್ಪ. ಆಗದಿದ್ದರೆ ಮತ್ತೆ ಈ ಮಾತು ಎತ್ತುವುದಿಲ್ಲ ಎಂದೆ. "ಆತು. ನಾ ಊಟದ ಸುಟ್ಟ್ಯಾಗ ಬಂದು ಗಡಿಯಾರ ನೋಡ್ತೇನಿ" ಎಂದ.

ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಮುಂದಿನ ನಳದ ದಿನ ಹದಿಮೂರು. ಕೊಲ್ಹಾಪುರದ ದಿನ.

ಹೆಡ್ ಸರ್ ಮಕ್ಕಳನ್ನು ಕರೆದೊಯ್ಯುತ್ತಾರೆ. ಅವರಿಗೆ ನಕ್ಷೆಯ ತಲೆಬುಡ ಗೊತ್ತಿಲ್ಲ. ವೃಷಾಲಿ ಮೊದಲ ಸಲ ಅಷ್ಟು ಜನರ ಮುಂದೆ ನಿಲ್ಲುತ್ತಾಳೆ. ಆತ್ಯಾ, ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬೆಳಗಿನ ಬಸ್ಸಿದೆ. ನಾನು ಏನು ಕೇಳುತ್ತಿದ್ದೇನೆಂದು ನಿಮಗೆ ತಿಳಿದಿದೆ.

ನಿಮ್ಮ
ಪ್ರಿಯಾ

*

ಕೊಲ್ಹಾಪುರ ಬಸ್ ಸ್ಟ್ಯಾಂಡ್
13 ಫೆಬ್ರವರಿ 2025, ಸಂಜೆ ಐದು

ಪ್ರಿಯಾ,

ಗಡಹಿಂಗ್ಲಜದ ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ನೀನು ತಿದ್ದಿಕೊ. ನಿನ್ನ ಕಡೆ ಏನಾಯಿತೆಂದು ನನಗೆ ಗೊತ್ತಿಲ್ಲ. ಅರವತ್ತೇಳರ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳಬೇಡ, ಬೇಕಿತ್ತು.

ನಿನ್ನ ವೃಷಾಲಿಯನ್ನು ನೋಡಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಅಂಗೈ ತುಂಬ ಬೊಬ್ಬೆ. ನನಗೆ ಕಿವಿ ಮಂದ ಎಂದಾಗ ಹೆದರಲಿಲ್ಲ. ಚೀಲದಿಂದ ವಹಿ ತೆಗೆದು, "ನಾ ಬರದ ತೋರಸ್ತೇನ್ರಿ ಅಜ್ಜಿ" ಎಂದು ಬಾಯಿ ದೊಡ್ಡದು ಮಾಡಿ ಹೇಳಿದಳು. ಹೀಗಾಗಿ ಅವಳ ಮಾತು ಒಂದೂ ತಪ್ಪದೆ ನನ್ನ ಹತ್ತಿರ ಇದೆ. ಹನ್ನೊಂದಾದ ಮೇಲೆ ಗೋಡೆಯ ಗಡಿಯಾರವನ್ನೇ ನೋಡತೊಡಗಿದಳು. "ಈಗ ಬಂದಿರಬೇಕ್ರಿ" ಎಂದು ಬರೆದಳು. ಹತ್ತು ನಿಮಿಷ ಬಿಟ್ಟು, "ಟೀಚರಿಗೆ ಮೂರನೇ ಮನಿ ಕೀಲಿ ಜಗ್ಗಿ ತೆಗೀಬೇಕಂತ ಹೇಳಿಲ್ರಿ" ಎಂದು ಬರೆದಳು. ಪ್ರದರ್ಶನ ಬಿಟ್ಟು ಓಡಿಬಿಡುತ್ತಾಳೇನೋ ಎಂದು ಅವಳ ಲಂಗದ ಚುಂಗು ಹಿಡಿದುಕೊಂಡೇ ಕೂತೆ.

ಹನ್ನೆರಡೂವರೆಗೆ ಪರೀಕ್ಷಕರು ಬಂದರು. ಸುತ್ತಲೂ ಬಣ್ಣದ ದೀಪ, ಮೋಟರು, ತಿರುಗುವ ಚಕ್ರ. ನಮ್ಮದು ಮೂವತ್ತನಾಲ್ಕು ವಹಿ, ಒಂದು ನಕ್ಷೆ, ಎರಡು ಲೋಟ. ದಪ್ಪ ಕನ್ನಡಕದ ಸಾಹೇಬರು ನಕ್ಷೆ ನೋಡಿ ಏನೋ ಕೇಳಿದರು. ವೃಷಾಲಿ ಉತ್ತರ ಹೇಳಿದಳು. ಆ ಸಾಹೇಬರು ಕನ್ನಡಕ ತೆಗೆದರು. ಹೆಡ್ ಸರ್ ಮುಖ ತಿರುಗಿಸಿಕೊಂಡರು. ನನಗೇನೂ ಕೇಳಿಸಿರಲಿಲ್ಲ. ಅವರು ಅತ್ತ ಹೋದ ಕೂಡಲೇ ಏನು ಕೇಳಿದರು, ನೀನೇನು ಹೇಳಿದಿ, ಬರಿ ಎಂದು ವಹಿ ಮುಂದಿಟ್ಟೆ. ಅವಳು ಬರೆದದ್ದನ್ನು ಇದ್ದ ಹಾಗೆ ಕೊಡುತ್ತೇನೆ.

"ಈ ಪ್ರಯೋಗದಿಂದ ಏನ ಉಳೀತು ಅಂತ ಕೇಳಿದ್ರು. ಇವತ್ತ ನಮ್ಮ ಚಾಳಕ್ಕ ನಳಾ ಬರೂ ದಿನಾರಿ, ಆದ್ರೂ ನಾ ಇಲ್ಲಿ ನಿಂತೇನ್ರಿ ಅಂದೆ."

ಬಹುಮಾನ ಯಾರಿಗೆಂದು ಆಮೇಲೆ ತಿಳಿಸುತ್ತಾರಂತೆ. ನನಗೆ ಅದರ ಚಿಂತೆಯಿಲ್ಲ. ನನ್ನ ಚಿಂತೆ ಇಪ್ಪತ್ತೇಳು ಕೊಡದ್ದು. ಬೇಗ ಬರಿ. ಬಸ್ಸು ಬಂತು.

ಆತ್ಯಾ

*

ಇಚಲಕರಂಜಿ
14 ಫೆಬ್ರವರಿ 2025

ಆತ್ಯಾ,

ನಿಮ್ಮ ಕಾಗದ ಜಿನಗೊಂಡ ಕಾಕಾ ಶಾಲೆಯ ಬಾಗಿಲಿಗೇ ತಂದುಕೊಟ್ಟ. ಮಧ್ಯಾಹ್ನದ ಸುಟ್ಟಿಯಲ್ಲಿ ನಿಂತೇ ಓದಿದೆ. ಓದಿ ಅತ್ತುಬಿಟ್ಟೆ. ಈಗ ಬೆರಳು ಬಗ್ಗುತ್ತಿಲ್ಲ, ಆದರೂ ಬರೆಯದೆ ಇರಲಾರೆ.

ನಿನ್ನೆ ನಳ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಬಂತು. ಧೋಂಡಿಬಾ ಅಜ್ಜ ಕೂಗಿದ ಕೂಡಲೇ ಸೆರಗು ಸೊಂಟಕ್ಕೆ ಕಟ್ಟಿ ಶುರು ಮಾಡಿದೆ. ಮೊದಲ ಐದು ಕೊಡ ಓಡುತ್ತ ಹೊತ್ತೆ. ಎಂಟನೆಯದಕ್ಕೆ ಉಸಿರು ಬಾಯಿಗೆ ಬಂತು. ಮೂರನೆಯ ಮನೆಯ ಕೀಲಿ ತೆಗೆಯಲಿಲ್ಲ, ಜಗ್ಗಬೇಕೆಂದು ಗೊತ್ತಾಗುವಷ್ಟರಲ್ಲಿ ಕೆಳಗಿಟ್ಟ ಕೊಡ ತುಂಬಿ ಹರಿಯುತ್ತಿತ್ತು. ನೀರು ಉಳಿಸುವ ಟೀಚರ್ ಅಂಗಳದ ತುಂಬ ನೀರು ಹರಿಸಿದಳು. ಹದಿನಾಲ್ಕನೆಯ ಕೊಡಕ್ಕೆ ಹೊಸ್ತಿಲ ಮೇಲೆ ಜಾರಿ ಕುಕ್ಕರಿಸಿದೆ. ಅಜ್ಜ, "ಹಳೂ, ಬಾಈ, ಹಳೂ, ಸಾವಕಾಶ" ಎಂದು ಗಡಿಯಾರ ನೋಡುತ್ತ ಕೂತಿದ್ದ.

ಹನ್ನೆರಡೂ ಐವತ್ತಕ್ಕೆ ರಾಯಪ್ಪ ಬಂದ. ತಲೆಯ ಮೇಲೆಲ್ಲ ಹತ್ತಿಯ ದೂಳು. ಕಟ್ಟೆಯ ಮೇಲೆ ಕೂತ. ತಾಸು ಮುಗಿದಾಗ ನಾನು ಇಪ್ಪತ್ತೆರಡನೆಯ ಕೊಡದಲ್ಲಿದ್ದೆ. ಐದು ಉಳಿದಿದ್ದವು. ಸೋತೆ, ಆತ್ಯಾ. ನಳದ ಮುಂದೆ ನಿಂತಲ್ಲೇ ಅಳು ಬಂದುಬಿಟ್ಟಿತು. ನನ್ನ ಬಾಯಿಯ ಜೋರಿನಿಂದ ಆ ಹುಡುಗಿಯ ಶಾಲೆ ಹೋಯಿತಲ್ಲ ಎಂದು.

ರಾಯಪ್ಪ ಎದ್ದು ಬಂದು ನನ್ನ ಕೈಯಿಂದ ಕೊಡ ಇಸಗೊಂಡ. ಉಳಿದ ಐದನ್ನೂ ತಾನೇ ಹೊತ್ತ. ಐದನೆಯದನ್ನು ಇಳಿಸಿ ಸೊಂಟ ಹಿಡಿದುಕೊಂಡ. ದಿನಕ್ಕೆ ಹನ್ನೆರಡು ತಾಸು ಮಗ್ಗದ ಮುಂದೆ ನಿಲ್ಲುವ ಮನುಷ್ಯ. "ನಮ್ಮ ವೃಷಾಲಿ ಇಂಥಾವ ಐವತ್ತಮೂರ ಹೊರತಿದ್ಳೇನ್ರಿ?" ಎಂದ. ಹೌದು ಎಂದೆ. "ನಾ ಒಮ್ಮೆನೂ ನೋಡಿಲ್ರಿ. ಮನಿಗೆ ಬಂದಾಗ ನೀರ ತುಂಬಿರ್ತಿತ್ತು, ಕುಡಿತಿದ್ದೆ." ಆಮೇಲೆ ಧೋಂಡಿಬಾ ಅಜ್ಜನ ಕಡೆ ತಿರುಗಿ, ಮುಂದಿನ ಸಲ ನಳ ಬಂದ ಕೂಡಲೇ ತನಗೆ ಫೋನ್ ಮಾಡಬೇಕು, ಅದರ ಮುಂದಿನ ಸಲ ಎರಡನೆಯ ಮನೆಯವನಿಗೆ ಎಂದು ಹೇಳಿದ. ನಾನು ಕಣ್ಣು ಒರೆಸಿಕೊಂಡು, ನಾನು ಸೋತೆನಲ್ಲ ಎಂದೆ. "ಸೋತ್ರಿ. ನಿಮಗ ರೂಢಿಲ್ಲ. ಇಬ್ಬರ ಕೂಡಿದ್ರ ಮುಕ್ಕಾಲ ತಾಸಿನ ಕೆಲಸಾ. ಚೆನ್ನವ್ವ ಸುರುವಾಕ ನಿಲ್ಲತಾಳ, ನಾ ಹೊರತೇನಿ" ಎಂದು ಮಗ್ಗಕ್ಕೆ ಓಡಿದ. ಅವನ ಊಟದ ಸುಟ್ಟಿ ಮುಗಿದು ಹದಿನೈದು ನಿಮಿಷವಾಗಿತ್ತು.

ಇವತ್ತು ಬೆಳಿಗ್ಗೆ ವೃಷಾಲಿ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಕೀಲಿಕೈ ಇರಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ಬೊಬ್ಬೆ ನೋಡಿದಳು. "ಕೊಬ್ಬರಿ ಎಣ್ಣಿ ಹಚ್ಚ್ರಿ ಟೀಚರ್, ಎರಡ ದಿನಕ್ಕ ಹೋಗ್ತಾವು" ಎಂದಳು.

ಹೆಡ್ ಸರ್ ನಿನ್ನೆಯ ರಜೆಗೆ ಅರ್ಜಿ ಕೇಳಿದರು. ನಾನು ಬರೆದುಕೊಟ್ಟೆ, "ನಿನ್ನೆ ನಳಕ್ಕೆ ನೀರು ಬಂದಿದ್ದರಿಂದ ಶಾಲೆಗೆ ಬರಲಾಗಲಿಲ್ಲ." ಸರ್ ಓದಿ, "ಬಾಈ, ಜ್ವರಾ ಅಂತ ಬರೀರಿ. ಇದು ಕಾರಣ ಅಂತ ಮ್ಯಾಲಿನವ್ರು ಒಪ್ಪೂದಿಲ್ಲ" ಎಂದರು. ನಾನು ನನ್ನ ತರಗತಿಯ ಹಾಜರಿ ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ. ಜೂನಿನಿಂದ ವೃಷಾಲಿಯ ಹೆಸರಿನ ಮುಂದೆ ನಲವತ್ತೊಂದು ಗೈರುಹಾಜರಿ. ನಲವತ್ತೊಂದಕ್ಕೂ ಷರಾದಲ್ಲಿ 'ಕಾರಣವಿಲ್ಲ' ಎಂದಿದೆ. ಎಲ್ಲ ನನ್ನದೇ ಅಕ್ಷರ.

ಸರ್ ಪುಟ ತಿರುವಿ ತಿರುವಿ ನೋಡಿದರು. ಕೊನೆಗೆ ನನ್ನ ಅರ್ಜಿಯ ಮೇಲೆ ಸಹಿ ಮಾಡಿದರು. ನಾನು ತರಗತಿಗೆ ಹೋಗಿ ಕೂತು, ಆ ನಲವತ್ತೊಂದನ್ನೂ ಒಂದೊಂದಾಗಿ ಹೊಡೆದು, ಪಕ್ಕದಲ್ಲಿ 'ನಳಕ್ಕೆ ನೀರು ಬಂದಿತ್ತು' ಎಂದು ಬರೆದೆ.

ನಿಮ್ಮ
ಪ್ರಿಯಾ